ಹಿಮದ ಪದರಗಳಲ್ಲಿ 8 ಲಕ್ಷ ವರ್ಷ

8 ಲಕ್ಷ ವರ್ಷಗಳ ಹಿಂದೆ ಅಂಟಾರ್ಕ್ಟಿಕಾದಲ್ಲಿ ಎಷ್ಟು ಚಳಿ ಇತ್ತು? ಆಗ ಥರ್ಮಾಮೀಟರ್ ಇರಲಿಲ್ಲ. ಹಿಮ ಇತ್ತು.

ಅಲ್ಲಿ ಬಿದ್ದ ಹಿಮ ಕರಗಲ್ಲ. ಪದರದ ಮೇಲೆ ಪದರ ಕೂತು, ಭಾರಕ್ಕೆ ಮಂಜುಗಡ್ಡೆಯಾಗುತ್ತೆ. ಡೋಮ್ ಸಿ ಅನ್ನೋ ಜಾಗದಲ್ಲಿ ಯುರೋಪಿನ ವಿಜ್ಞಾನಿಗಳು 3 ಕಿಲೋಮೀಟರಿಗೂ ಹೆಚ್ಚು ಆಳ ಕೊರೆದು, ಆ ಮಂಜನ್ನು ಉದ್ದುದ್ದ ಕೊರಡುಗಳಾಗಿ ಮೇಲೆತ್ತಿದರು.

ಈಗ ಗಮನವಿಟ್ಟು ಕೇಳಿ. ನೀರಿನಲ್ಲಿರೋ ಆಕ್ಸಿಜನ್ ಎಲ್ಲಾ ಒಂದೇ ತೂಕದ್ದಲ್ಲ. ಆಕ್ಸಿಜನ್-16 ಹಗುರ, ಆಕ್ಸಿಜನ್-18 ಭಾರ. ಸಮುದ್ರದಿಂದ ಎದ್ದ ಆವಿ ಧ್ರುವದ ಕಡೆ ಸಾಗುತ್ತಾ ತಣ್ಣಗಾದಂತೆ, ಭಾರದ ನೀರು ದಾರಿಯಲ್ಲೇ ಹೆಚ್ಚು ಸುರಿದುಹೋಗುತ್ತೆ. ಚಳಿ ಹೆಚ್ಚಿದಷ್ಟೂ ಧ್ರುವದ ಹಿಮದಲ್ಲಿ ಆಕ್ಸಿಜನ್-18 ಕಡಿಮೆ. ಆ ಪ್ರಮಾಣ ಅಳೆದರೆ ಅಂದಿನ ತಾಪಮಾನದ ಅಂದಾಜು ಸಿಗುತ್ತೆ. ಎಂಥಾ ಸೊಗಸಾದ ಉಪಾಯ! ಡೆನ್ಮಾರ್ಕಿನ ವಿಜ್ಞಾನಿ ವಿಲ್ಲಿ ಡಾನ್ಸ್‌ಗಾರ್ಡ್ ಈ ಹುಡುಕಾಟ ಶುರು ಮಾಡಿದ್ದು 1952ರಲ್ಲಿ, ಬಿಯರ್ ಬಾಟಲಿಗೆ ಆಲಿಕೆ ಇಟ್ಟು ಮನೆಯಂಗಳದಲ್ಲಿ ಮಳೆನೀರು ಹಿಡಿದು.

ಮಂಜಿನೊಳಗೆ ಗುಳ್ಳೆಗಳೂ ಇವೆ. ಅವು ಆ ಕಾಲದ ಗಾಳಿಯೇ. ಡೋಮ್ ಸಿ ಗುಳ್ಳೆಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದಾಗ ತಾಪಮಾನವೂ ಏರಿದೆ, ಇಳಿದಾಗ ಇಳಿದಿದೆ. ಕೈಗಾರಿಕೆಗಳು ಬರುವವರೆಗೆ, ಆ 8 ಲಕ್ಷ ವರ್ಷಗಳಲ್ಲಿ ಕಾರ್ಬನ್ ಡೈಆಕ್ಸೈಡ್ ಸುಮಾರು 300 ಪಿಪಿಎಂ (ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 300) ದಾಟಿದ್ದೇ ಇಲ್ಲ.

ನಾವು ಇವತ್ತು ಉಸಿರಾಡುತ್ತಿರುವ ಗಾಳಿಯಲ್ಲಿ ಅದು 420 ದಾಟಿದೆ.