ಏಳು ಕಂಠಗಳ ನಮೋ ಮರಿಯಾ

ಅಕ್ಟೋಬರ್ ತಿಂಗಳನ್ನು ಧರ್ಮಸಭೆಯು ಜಪಸರದ ಮಾಸವೆಂದು ಆಚರಿಸುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಸೀಮೆಯಲ್ಲಿ ಒಟ್ಟುಗೂಡಿ ದೇವರನ್ನು ಹಾಡುವುದು ಹೊಸತೇನಲ್ಲ. ಒಬ್ಬರು ನುಡಿಯನ್ನು ಎತ್ತಿಕೊಟ್ಟರೆ ಮೇಳದವರು ಅದನ್ನು ಮುಂದುವರಿಸುವ ಭಜನೆಯ ಕ್ರಮ ಇಲ್ಲಿನ ಮಕ್ಕಳಿಗೂ ತಿಳಿದಿದೆ. 19ನೆಯ ಶತಮಾನದಲ್ಲಿ ಹರಪನಹಳ್ಳಿ ಭೀಮವ್ವನವರು ಹರಿದಾಸರ ಜಾಡಿನಲ್ಲಿ ಹಾಡು ಕಟ್ಟಿದರು. ಅದೇ ಶತಮಾನದಲ್ಲಿ ದೂರದ ಆಸ್ಟ್ರಿಯದ ಭಕ್ತರೊಬ್ಬರು ನಮೋ ಮರಿಯಾ ಜಪಕ್ಕೆ ರಾಗ ಕೂಡಿಸಿದರು. ಅವರೇ ಆಂಟನ್ ಬ್ರುಕ್ನರ್.

1824ರಲ್ಲಿ ಆನ್ಸ್‌ಫೆಲ್ಡನ್ ಗ್ರಾಮದ ಶಾಲಾ ಉಪಾಧ್ಯಾಯರ ಮನೆಯಲ್ಲಿ ಜನಿಸಿದ ಬ್ರುಕ್ನರ್, 1837ರಲ್ಲಿ ತಂದೆಯನ್ನು ಕಳೆದುಕೊಂಡು ಸಂತ ಫ್ಲೋರಿಯನ್ ಮಠದ ಬಾಲಗಾಯಕರಾದರು. ಮುಂದೆ ಲಿಂಜ್ ನಗರದ ಪ್ರಧಾನಾಲಯದಲ್ಲಿ ಆರ್ಗನ್ ವಾದಕರಾದರು. ದಿನವೂ ಹೇಳಿದ ಜಪಗಳ ಲೆಕ್ಕವನ್ನು ಕಿರುಹೊತ್ತಗೆಯಲ್ಲಿ ಗುರುತಿಸಿಡುವಷ್ಟು ನೇಮನಿಷ್ಠೆ ಅವರದು.

ನಮೋ ಮರಿಯಾ ಜಪಕ್ಕೆ ಅವರು 1856, 1861 ಮತ್ತು 1882ರಲ್ಲಿ ಮೂರು ಬಾರಿ ಸಂಗೀತ ರಚಿಸಿದರು. ಎರಡನೆಯದು ಹೆಚ್ಚು ಪ್ರಸಿದ್ಧ. 1861ರ ಮೇ 12ರಂದು ಲಿಂಜ್‌ನಲ್ಲಿ ಬಲಿಪೂಜೆಯ ಕಾಣಿಕೆ ಅರ್ಪಣೆಯ ವೇಳೆ ಅದನ್ನು ಮೊದಲು ಹಾಡಲಾಯಿತು. ವಾದ್ಯಗಳ ನೆರವಿಲ್ಲದ, ಸುಮಾರು ನಾಲ್ಕು ನಿಮಿಷಗಳ ಗಾಯನವದು. ಸ್ತ್ರೀಯರ ಮೂರು ಧ್ವನಿಗಳು ಮಾತೆಗೆ ವಂದನೆ ಹಾಡುತ್ತವೆ. ಪುರುಷರ ನಾಲ್ಕು ಧ್ವನಿಗಳು ಅದನ್ನು ಮುಂದುವರಿಸುತ್ತವೆ. ಪ್ರಭುವಿನ ನಾಮ ಬಂದೊಡನೆ ಏಳೂ ಧ್ವನಿಗಳು ಕೂಡಿ ಮೂರು ಬಾರಿ 'ಯೇಸು' ಎನ್ನುತ್ತವೆ. ಪ್ರತಿ ಬಾರಿಯೂ ಮೊದಲಿಗಿಂತ ಗಟ್ಟಿಯಾಗಿ. ಆ ಬಳಿಕವೇ ಪಾಪಿಗಳಾದ ನಮಗಾಗಿ ಬೇಡುವ ಬಿನ್ನಹ.

ಇದು ಬರಿಯ ಸಂಗೀತ ಚಾತುರ್ಯವಲ್ಲ. ಜಪದ ಪೂರ್ವಾರ್ಧವು ಸಂತ ಲೂಕನ ಶುಭಸಂದೇಶದಲ್ಲಿರುವ ದೇವದೂತ ಗಬ್ರಿಯೇಲನ ಮತ್ತು ಎಲಿಜಬೇತಮ್ಮನವರ ವಂದನೆ. ಉತ್ತರಾರ್ಧವು ಧರ್ಮಸಭೆಯ ಬಿನ್ನಹ. ಎರಡನ್ನೂ ಬೆಸೆಯುವುದು ಯೇಸುನಾಮ. ಜಗದ್ಗುರು ಎರಡನೆಯ ಜಾನ್ ಪಾಲರು 2002ರಲ್ಲಿ ಜಪಸರವನ್ನು ಕುರಿತು ಬರೆದ ಪತ್ರದಲ್ಲಿ, ಅವಸರದಲ್ಲಿ ಜಪಿಸುವಾಗ ಈ ಕೇಂದ್ರವೇ ಮರೆಯಾದೀತೆಂದು ಎಚ್ಚರಿಸಿದ್ದರು. ಬ್ರುಕ್ನರರು 141 ವರ್ಷಗಳ ಮುಂಚೆಯೇ ಅದನ್ನು ಸ್ವರಗಳಲ್ಲಿ ತೋರಿಸಿದ್ದರು.

ದಿನದ ದುಡಿಮೆ ಮುಗಿಸಿ ದಣಿದು ಬಂದ ನಾವು, ಐವತ್ತು ಮಣಿಗಳನ್ನು ಬೇಗನೆ ಮುಗಿಸಲು ಆತುರಪಡುವುದುಂಟು. ಆಗ ನಾಲಿಗೆ ಓಡುತ್ತದೆ, ಮನಸ್ಸು ಹಿಂದುಳಿಯುತ್ತದೆ. ಮಾತೆಯನ್ನು ಕರೆಯುತ್ತಲೇ ಆಕೆಯ ಪುತ್ರನನ್ನು ದಾಟಿಹೋದರೆ ಜಪಕ್ಕೆ ಅರ್ಥವೇನು?

ನಮ್ಮ ಊರುಗಳಲ್ಲಿ ಏಳು ಧ್ವನಿಗಳ ಗಾಯನವೃಂದ ಬೇಕಿಲ್ಲ, ಲ್ಯಾಟಿನ್ ಭಾಷೆಯೂ ಬೇಕಿಲ್ಲ. ಆಯಾ ಜನರ ನುಡಿಗೂ ಸಂಗೀತಕ್ಕೂ ಆರಾಧನೆಯಲ್ಲಿ ಸ್ಥಾನವುಂಟೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿಯೇ ಸಾರಿತು. ಹಾರ್ಮೋನಿಯಂ, ತಾಳಗಳಿದ್ದರೆ ಸಾಕು. ಅವೂ ಇಲ್ಲದಿದ್ದರೆ ಕಂಠವೇ ಸಾಕು. ತಾಯಂದಿರು ಆರಂಭಿಸಲಿ, ಗಂಡಸರು ಮುಂದುವರಿಸಲಿ, ಯೇಸುನಾಮದಲ್ಲಿ ಎಲ್ಲರೂ ಒಂದು ಕ್ಷಣ ನಿಲ್ಲೋಣ.