ಇನ್ನೊಂದು ಸಲ ಬರೀಲಾ, ತಾತ?

ನೀಟ್ ಫಲಿತಾಂಶ ಬಂದ ಸಂಜೆ ಚನ್ನಪಟ್ಟಣದ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಮೊಮ್ಮಗಳು ಜಗಲಿಯ ಮೇಲೆ ಮೊಬೈಲು ಹಿಡಿದು ಕೂತಿದ್ದಳು. ನಾನು ಹಲ್ಲಿನ ಸೆಟ್ ಕಟ್ಟಿಸಿಕೊಳ್ಳಲು ಹೋದಾಗಲೆಲ್ಲ ಜೊತೆಗೆ ಬಂದು, ಡಾಕ್ಟರಮ್ಮ ಅಚ್ಚು ತೆಗೆಯುವುದನ್ನು ಕಣ್ಣು ಮಿಟುಕಿಸದೆ ನೋಡಿದವಳು ಅವಳು. ದಂತವೈದ್ಯೆ ಆಗಬೇಕೆಂಬ ಆಸೆ ಅಲ್ಲೇ ಮೊಳೆತದ್ದು.

ಬಂದ ಅಂಕಕ್ಕೆ ಖಾಸಗಿ ಕಾಲೇಜಿನ ಸೀಟು ಸಿಗಬಹುದಿತ್ತು. ಆದರೆ ಬಿಡಿಎಸ್ ಎಂದರೆ 4 ವರ್ಷ ಓದು, ಮೇಲೆ 1 ವರ್ಷ ಇಂಟರ್ನ್‌ಶಿಪ್. ಅಷ್ಟು ವರ್ಷದ ಶುಲ್ಕ ಮಗನ ಸಂಬಳಕ್ಕೆ ಭಾರ. ಸರ್ಕಾರಿ ಕಾಲೇಜಿಗೆ ಅಂಕ ಸಾಲದು. ನೀಟ್ ಅಂಕ ಆ ವರ್ಷಕ್ಕೆ ಮಾತ್ರ. ಬಿಟ್ಟರೆ ಮತ್ತೆ ಬರೆಯಲೇಬೇಕು.

"ಇನ್ನೊಂದು ಸಲ ಬರೀಲಾ, ತಾತ?" ಅಂದಳು.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಲೆಕ್ಕ ತಾಳೆಯಾಗದಿದ್ದರೆ ಅಳುತ್ತಾ ಕೂರುತ್ತಿರಲಿಲ್ಲ, ತಪ್ಪು ಎಲ್ಲಿದೆ ಎಂದು ಹುಡುಕುತ್ತಿದ್ದೆವು. "ನಿನ್ನ ಉತ್ತರದ ಹಾಳೆ ತಾ" ಎಂದೆ.

ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಹಾಳೆಯ ಪ್ರತಿಯನ್ನು ಸರಿಯುತ್ತರದ ಪಟ್ಟಿಯ ಪಕ್ಕ ಇಟ್ಟು ಇಬ್ಬರೂ ಗುರುತು ಹಾಕಿದೆವು. ಅವಳ ತಪ್ಪು 41. ಅದರಲ್ಲಿ ಗೊತ್ತಿದ್ದೂ ಅವಸರದಲ್ಲಿ ಕೆಡಿಸಿದ್ದು 19. ಒಂದೊಂದು ತಪ್ಪಿಗೂ ಬರಬೇಕಾದ 4 ಹೋಯಿತು, ಇದ್ದದ್ದರಲ್ಲಿ 1 ಹೋಯಿತು. 19ಕ್ಕೆ 5ರಂತೆ 95 ಅಂಕ! ಉಳಿದ 22 ಬರೀ ಊಹೆ, ಹೆಚ್ಚಿನವು ಭೌತಶಾಸ್ತ್ರದ್ದು. ಖಾಲಿ ಬಿಟ್ಟಿದ್ದರೂ 22 ಅಂಕ ಉಳಿಯುತ್ತಿತ್ತು.

ಅವಳ ಮುಖ ಸ್ವಲ್ಪ ಅರಳಿತು. ಸೋತದ್ದು ಎಲ್ಲಿ ಎಂದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಆಮೇಲೆ ಅವಳು ಒಂದು ಪ್ರಶ್ನೆ ಕೇಳಿದಳು: "ನೀವು ಆಫೀಸರ್ ಪರೀಕ್ಷೆ ಎಷ್ಟು ಸಲ ಬರೆದ್ರಿ, ತಾತ?"

ಒಂದೇ ಸಲ. ಫೇಲಾಯಿತು. ಮತ್ತೆ ಕೂರಲಿಲ್ಲ. ಪರ ಊರಿಗೆ ವರ್ಗ ಮಾಡುತ್ತಾರೆ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಿಜ ಅದಲ್ಲ. ಎರಡನೇ ಸಲವೂ ಫೇಲಾದರೆ ಜೊತೆಯವರು ನಗುತ್ತಾರೆಂಬ ಭಯ. ಈ ಮಾತನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ಅಂದು ಮೊಮ್ಮಗಳಿಗೆ ಹೇಳಿದೆ.

ಹಾಗೆಂದು ಎಲ್ಲರೂ ಮತ್ತೆ ಬರೆಯಬೇಕೆಂದಲ್ಲ. ಕನಕಪುರದ ನಮ್ಮ ಪರಿಚಯದವರ ಹುಡುಗ ಅಪ್ಪನ ಹಟಕ್ಕೆ ಮೂರು ಸಲ ಬರೆದ. ಅವನಿಗೆ ಮನಸ್ಸಿದ್ದದ್ದು ವ್ಯಾಪಾರದಲ್ಲಿ. ಈಗ ಬಿ.ಕಾಂ. ಓದುತ್ತಾ ನೆಮ್ಮದಿಯಾಗಿದ್ದಾನೆ. ಹೋದ ವರ್ಷಗಳನ್ನು ಯಾರು ತಂದುಕೊಡುತ್ತಾರೆ?

ನಮ್ಮ ಬೀಗರು ಮಾಗಡಿಯ ಕಡೆ ರೇಷ್ಮೆ ಸಾಕುತ್ತಾರೆ. ಗೂಡು ರಾಮನಗರದ ಮಾರುಕಟ್ಟೆಗೆ ಬರುತ್ತದೆ. ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ 'ಜ್ವರ'ಕ್ಕೆ ಕೂರುತ್ತದೆ. ಸೊಪ್ಪು ಮುಟ್ಟದೆ, ತಲೆ ಎತ್ತಿ ಸುಮ್ಮನಿರುತ್ತದೆ. ತಿಳಿಯದವರು ಕಾಯಿಲೆ ಎನ್ನುತ್ತಾರೆ. ಅದು ಹಳೇ ಚರ್ಮ ಬಿಡುತ್ತಿರುತ್ತದೆ, ಅಷ್ಟೆ. ಆದರೆ ಜ್ವರಕ್ಕೂ ಒಂದು ಗಡುವಿದೆ. ಎದ್ದ ಹುಳು ಸೊಪ್ಪು ತಿನ್ನಲೇಬೇಕು.

ಅದಕ್ಕೇ ನಾವು ಮೂರು ಪ್ರಶ್ನೆ ಬರೆದುಕೊಂಡೆವು. ಈ ಓದು ನಿನಗೇ ಬೇಕೋ, ನಮಗೋ? ತಪ್ಪು ತಿದ್ದಿಕೊಳ್ಳುವಂಥದ್ದೋ? ಮತ್ತೆ ಸಿಗದಿದ್ದರೆ ಮುಂದಿನ ದಾರಿ ಯಾವುದು?

ಮೊದಲನೆಯದಕ್ಕೆ "ನನಗೇ" ಎಂದಳು. ಎರಡನೆಯದಕ್ಕೆ ಲೆಕ್ಕವೇ ಉತ್ತರ ಹೇಳಿತ್ತು. ಮೂರನೆಯದಕ್ಕೆ ಬಹಳ ಹೊತ್ತು ಯೋಚಿಸಿ, ಸಿಇಟಿಯನ್ನೂ ಬರೆದು ಬಿ.ಫಾರ್ಮಾ ಅಥವಾ ಕೃಷಿ ಪದವಿಗೆ ಸೇರುವುದೆಂದು ತೀರ್ಮಾನಿಸಿದಳು. "ಒಂದೇ ವರ್ಷ, ತಾತ. ಆಮೇಲೆ ಹಟ ಮಾಡಲ್ಲ" ಎಂದಳು. ಮಗ, ಸೊಸೆ ಒಪ್ಪಿದರು.

ಇಂಥ ಮನೆಗಳಿಗೆ ನನ್ನದೊಂದು ಕಿವಿಮಾತು. ಸೀಟು ತೆಗೆದುಕೊಂಡು ಆಮೇಲೆ ಬಿಡುವ ಯೋಚನೆಯಿದ್ದರೆ, ಕಟ್ಟಿದ ಹಣ ಮತ್ತು ದಂಡದ ನಿಯಮಗಳನ್ನು ಮೊದಲೇ ಓದಿ. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಹಳ್ಳಿಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ 1ರಿಂದ 10ನೇ ತರಗತಿವರೆಗೆ ಓದಿದವರಿಗೆ ರಾಜ್ಯದ ಸೀಟುಗಳಲ್ಲಿ ಮೀಸಲಾತಿ ಉಂಟು. ಶಾಲೆಯ ಪ್ರಮಾಣಪತ್ರ ಮುಂಚೆಯೇ ಮಾಡಿಸಿಡಿ.

ಈಗ ಮೊಮ್ಮಗಳು ಬೆಳಗಿನ ಐದಕ್ಕೆ ಏಳುತ್ತಾಳೆ. ಕಾಫಿ ಮಾಡುವ ಕೆಲಸ ನನ್ನದು. ಭಾನುವಾರ ಅವಳು ಹಳೇ ಪ್ರಶ್ನೆಪತ್ರಿಕೆ ಬಿಡಿಸುತ್ತಾಳೆ, ನಾನು ತಪ್ಪುಗಳನ್ನು ಎರಡು ಕಾಲಂ ಮಾಡಿ ಬರೆಯುತ್ತೇನೆ: 'ಗೊತ್ತಿರಲಿಲ್ಲ', 'ಅವಸರ'. ಹೋದ ವಾರ ಎರಡನೇ ಕಾಲಂನಲ್ಲಿ ನಾಲ್ಕೇ ಇದ್ದವು.

ಫಲ ಏನಾಗುತ್ತದೋ ಕಾಣೆ. ಎರಡನೇ ಸಲ ಕೂರಲು ಅವಳು ಹೆದರಲಿಲ್ಲ. ಅವಳ ತಾತ ಹೆದರಿದ್ದ.