ದೂಧಗಂಗೆಯ ಕೊಳವೆಮಾರ್ಗ

ವಿದ್ಯಾರ್ಥಿಗಳೇ, ನಮ್ಮ ಇಚಲಕರಂಜಿಯ ಬಳಿಯಲ್ಲೇ ಹರಿಯುವ ಪಂಚಗಂಗೆಯು ಊರುಗಳ, ಕಾರಖಾನೆಗಳ ಹೊಲಸಿನಿಂದ ಕೆಟ್ಟಿದೆ. 2012ರಲ್ಲಿ ಅಶುದ್ಧ ನೀರಿನಿಂದ ಕಾಮಾಲೆ ಹಬ್ಬಿ ಈ ನಗರದಲ್ಲಿ ಅನೇಕರು ಮಡಿದರು. ಆದ್ದರಿಂದಲೇ ನಗರವು ಬೇರೆ ನದಿಗಳ ನೀರನ್ನು ಕೊಳವೆಯಿಂದ ತರಲು ಬಯಸಿತು. 2018ರಲ್ಲಿ ವಾರಣಾ ನದಿಯ ಯೋಜನೆಗೆ ದಾನೋಳಿಯ ರೈತರು ಅಡ್ಡ ನಿಂತರು. ತರುವಾಯ ಕಾಗಲ ತಾಲೂಕಿನ ಸುಳಕೂಡದಿಂದ ದೂಧಗಂಗೆಯ ನೀರನ್ನು ತರುವ ಯೋಜನೆ ಬಂದಾಗಲೂ ವಿರೋಧವೆದ್ದಿತು. ಬೇಸಿಗೆಯಲ್ಲಿ ಬೆಳೆಗೆ ಏನುಳಿದೀತೆಂಬುದು ನದೀತೀರದವರ ಪ್ರಶ್ನೆ. ಈ ನದಿಯು ಗಡಿ ದಾಟಿ ಚಿಕ್ಕೋಡಿಯ ಕಡೆ ಕೃಷ್ಣೆಯನ್ನು ಸೇರುವುದರಿಂದ ಕರ್ನಾಟಕದ ರೈತರಿಗೂ ಅದೇ ಆತಂಕ.

ಕುಡಿಯುವವರ ಮಾತೂ ನ್ಯಾಯ, ಉಳುವವರ ಮಾತೂ ನ್ಯಾಯ. ಆದರೆ ಪಂಚಗಂಗೆಯು ಶುದ್ಧವಾಗದ ಹೊರತು ಈ ಕಲಹವು ಒಂದು ನದಿಯಿಂದ ಇನ್ನೊಂದಕ್ಕೆ ಸಾಗುತ್ತಲೇ ಇರುವುದು.